ಪರದೆಯ ಮೇಲೆ ಮುಚ್ಚಿದ ಗೇಟು

ಗೇಟು ತೆರೆದೇ ಇತ್ತು. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಸಾಕು, ಕಾಣುತ್ತಿತ್ತು: ಈಜುಕೊಳದ ಸುತ್ತ ಕಪ್ಪು ಬೇಲಿ, ಬೇಲಿಯಲ್ಲಿ ಗೇಟು, ಅದು ತಾನಾಗಿ ಮುಚ್ಚಿಕೊಳ್ಳದ ಹಾಗೆ ಡೆನ್ಜಿಲ್ ಈಗಷ್ಟೇ ಅಡ್ಡ ಇಟ್ಟು ಬಂದಿದ್ದ ನೀಲಿ ಐಸ್ ಪೆಟ್ಟಿಗೆ. ಕಸ ತೆಗೆಯುವ ಬಲೆಕೋಲು ತರಲು ಒಳಗೆ ಬಂದವನು, ಬಂದದ್ದಕ್ಕೆ ಗೋಡೆಯ ಮೇಲಿನ ಪರದೆಯತ್ತ ಸುಮ್ಮನೆ ಒಮ್ಮೆ ಕಣ್ಣು ಹಾಯಿಸಿದ್ದ. ಪೂಲ್ ಗೇಟ್, ಮುಚ್ಚಿದೆ, ಎಂದು ಹಸಿರು ಅಕ್ಷರಗಳು ಹೇಳುತ್ತಿದ್ದವು. ಅವನು ಕಿಟಕಿ ನೋಡಿದ, ಪರದೆ ನೋಡಿದ, ಮತ್ತೆ ಕಿಟಕಿ ನೋಡಿದ. ಬೆಳಿಗ್ಗೆ ಹತ್ತೂವರೆಗೇ ಗಣಿಯೂರಾದ ಕಲ್ಗೂರ್ಲಿಯ ಬಿಸಿಲು ಬೇಲಿಯ ಸರಳುಗಳನ್ನು ಕಾಯಿಸಿ ನಡುಗಿಸುತ್ತಿತ್ತು. ತನ್ನ ಕಣ್ಣೇ ಕೈಕೊಟ್ಟಿರಲಿ ಎಂದು ಒಂದು ಕ್ಷಣ ಮನಸಾರೆ ಆಸೆಪಟ್ಟ. ಓಡಿಹೋಗಿ ಪೆಟ್ಟಿಗೆಯನ್ನು ಕಾಲಿನಿಂದ ತಳ್ಳಿದ. ಗೇಟು ಠಣ್ಣೆಂದು ಮುಚ್ಚಿಕೊಂಡಿತು. ವಾಪಸ್ಸು ಬಂದು ನೋಡಿದರೆ ಅದೇ ಹಸಿರು, ಅದೇ ಮುಚ್ಚಿದೆ. ಈಗ ಅದು ಹೇಳುತ್ತಿದ್ದುದು ನಿಜ, ಆದರೆ ಆ ನಿಜವೇ ಅವನನ್ನು ಹೆಚ್ಚು ಹೆದರಿಸಿತು. ಹಿಂದಿನ ಕೋಣೆಯ ಸೋಫಾದಲ್ಲಿ ಎರಡೂವರೆ ವರ್ಷದ ಮೊಮ್ಮಗಳು ಮೇಬಲ್ ಟೋಸ್ಟಿನ ಅಂಚು ಚೀಪುತ್ತ ಟಿವಿಯ ಹಂದಿಮರಿಗಳನ್ನು ನೋಡುತ್ತಿದ್ದಳು. ಎರಡೂ ಕಾಲು ಇನ್ನೂ ಸೋಫಾದ ಅಂಚಿಗೆ ಬರುವಷ್ಟೇ ಉದ್ದ.

ಹಳೇ ಹಬ್ ಚೆನ್ನಾಗಿಯೇ ಇತ್ತು. ಅಂಗೈಯಷ್ಟು ಬಿಳಿ ಡಬ್ಬಿ, ಆರು ವರ್ಷ ಅಡುಗೆಮನೆಯ ಶೆಲ್ಫಿನ ಮೇಲೆ ಸಕ್ಕರೆ ಡಬ್ಬಿಯ ಪಕ್ಕ ಕೂತು ಮನೆಯ ದೀಪ, ಏಸಿ, ಬಾಗಿಲು, ಗೇಟು ಎಲ್ಲವುಗಳ ಮಾತು ಕೇಳಿಸಿಕೊಳ್ಳುತ್ತಿತ್ತು. ಗೇಟು ಅರ್ಧ ನಿಮಿಷಕ್ಕಿಂತ ಹೆಚ್ಚು ತೆರೆದಿದ್ದರೆ ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತಿತ್ತು. ಹೊಸದು ತರೋಣ ಎಂದು ಡೆನ್ಜಿಲ್ ಹೇಳಿದಾಗ ಮಗಳು ಟ್ಯಾಮ್ಸಿನ್, ಕೆಲಸ ಮಾಡ್ತಿರೋದನ್ನ ಯಾಕಪ್ಪ ಕೆದಕ್ತೀಯ ಎಂದಿದ್ದಳು. ಆದರೂ ತಂದ. ಅರವತ್ತೊಂದನೆಯ ವಯಸ್ಸಿನಲ್ಲೂ ಇಂಥದ್ದೆಲ್ಲ ತನಗೆ ಬರುತ್ತದೆ ಎಂದು ತೋರಿಸಬೇಕಿತ್ತು, ಯಾರಿಗೆ ಎಂದು ಕೇಳಿದರೆ ಹೇಳಲಾರ. ಶನಿವಾರ ಬೆಳಿಗ್ಗೆ ಒಂದೊಂದೇ ಸೆನ್ಸರನ್ನು ಹೊಸ ಹಬ್‌ಗೆ ಪರಿಚಯ ಮಾಡಿಸಿದ. ಗೇಟಿನದ್ದನ್ನು ಸ್ಕ್ರೂ ಬಿಚ್ಚಿ ಒಳಗೆ ತಂದು ಅಡುಗೆಮನೆಯ ಟೇಬಲ್ಲಿನ ಮೇಲಿಟ್ಟು ಅದರ ಎರಡು ತುಂಡುಗಳನ್ನು ಹತ್ತಿರ ತಂದ, ಪರದೆ ಮುಚ್ಚಿದೆ ಎಂದಿತು. ದೂರ ಮಾಡಿದ, ತೆರೆದಿದೆ ಎಂದಿತು. ಮತ್ತೆ ಹತ್ತಿರ ತಂದ. ಆಮೇಲೆ ಹೊರಗೆ ಒಯ್ದು ಸ್ಕ್ರೂ ಹಾಕಿ ಬಿಗಿದ. ಅಷ್ಟೇ. ಟೇಬಲ್ಲಿನ ಮೇಲೆ ಕೊನೆಯ ಸಲ ಹೇಳಿದ್ದನ್ನೇ ಪರದೆ ಐದು ದಿನದಿಂದ ಹೇಳುತ್ತಿತ್ತು. ಸತ್ತವನ ಕೊನೆಯ ಕಾಗದವನ್ನು ಮತ್ತೆ ಮತ್ತೆ ಓದಿ ಚೆನ್ನಾಗಿದ್ದಾನೆ ಎಂದುಕೊಂಡ ಹಾಗೆ. ಶನಿವಾರ ಸಂಜೆ ಊಟಕ್ಕೆ ಕೂತಾಗ ಟ್ಯಾಮ್ಸಿನ್ ಫೋರ್ಕಿನಿಂದ ಬಟಾಣಿ ಆರಿಸುತ್ತ, ಎಲ್ಲ ಟೆಸ್ಟ್ ಮಾಡ್ದಾ ಎಂದು ಕೇಳಿದ್ದಳು. ಮಾಡ್ದೆ ಎಂದಿದ್ದ. ಗೇಟು ಎಂದಳು. ಗೇಟೇ ಮೊದ್ಲು ಮಾಡಿದ್ದು ಎಂದ. ಸುಳ್ಳೂ ಅಲ್ಲ ಅದು. ಅವಳು ತಲೆಯಾಡಿಸಿ ಬಟಾಣಿಗೆ ಮರಳಿದಳು. ಗಣಿಯಲ್ಲಿ ಕೆಲಸ ಮಾಡುವವರ ಮನೆಯಲ್ಲಿ ಆ ಪ್ರಶ್ನೆಗೆ ಕೊಟ್ಟ ಉತ್ತರ ಕಾಗದದ ಮೇಲೆ ಹಾಕಿದ ಸಹಿಯಷ್ಟೇ ಗಟ್ಟಿ, ಎರಡನೆಯ ಸಲ ಯಾರೂ ಕೇಳುವುದಿಲ್ಲ.

ಮೂವತ್ತೊಂದು ವರ್ಷ ನೆಲದ ಕೆಳಗೆ ಎಲೆಕ್ಟ್ರಿಷಿಯನ್ ಆಗಿದ್ದವನು ಅವನು. ಹೊಸ ಹುಡುಗರಿಗೆ ಮೊದಲ ದಿನ ಹೇಳಿಕೊಡುತ್ತಿದ್ದುದು ಒಂದೇ ಪಾಠ. ದೀಪವನ್ನು ನಂಬಬೇಡಿ, ದೀಪ ಆರಿದೆ ಎಂದರೆ ಕರೆಂಟ್ ಹೋಗಿದೆ ಎಂದಲ್ಲ, ದೀಪವೇ ಕೆಟ್ಟಿರಬಹುದು. ಮೊದಲು ಕರೆಂಟಿರುವ ತಂತಿಗೆ ಟೆಸ್ಟರ್ ಹಿಡಿದು ಟೆಸ್ಟರ್ ಸರಿಯಿದೆಯಾ ನೋಡಿ, ಆಮೇಲೆ ಕೆಲಸದ ತಂತಿ ನೋಡಿ, ಮತ್ತೆ ಹೋಗಿ ಕರೆಂಟಿರುವುದಕ್ಕೆ ಹಿಡಿಯಿರಿ. ಇಷ್ಟನ್ನೂ ಹೇಳುತ್ತಿದ್ದ ಅದೇ ಬಾಯಿ, ಅದೇ ಕೈ, ಒಂದು ಸಲ ಹದಿನಾಲ್ಕನೇ ಹಂತದ ಪಂಪಿನ ಕಾಗದಕ್ಕೆ, ಕರೆಂಟಿಲ್ಲ, ನೋಡಿದ್ದೇನೆ ಎಂದು ಸಹಿ ಹಾಕಿತ್ತು. ನೋಡಿರಲಿಲ್ಲ. ಶಿಫ್ಟಿನ ಕೊನೆ, ಮೇಲೆ ಹೋಗುವ ಗಾಡಿ ಹೊರಟಿತ್ತು, ಅಷ್ಟೇ ಕಾರಣ. ಮುಂದಿನ ಶಿಫ್ಟಿನ ಮರ್ವ್ ಪಂಪಿನ ಡಬ್ಬಿಗೆ ಕೈ ಹಾಕಿದಾಗ ಕರೆಂಟ್ ಹೊಡೆದು ಆ ಕೈಯ ಎರಡು ಬೆರಳು ಬಿಳಿಚಿಕೊಂಡು ಕೊನೆಗೆ ಇಲ್ಲವಾದವು. ತಾನೇ ತಪ್ಪು ಸ್ವಿಚ್ ಎಳೆದಿರಬೇಕು ಎಂದು ಮರ್ವ್ ವಿಚಾರಣೆಯಲ್ಲಿ ಹೇಳಿದ. ಡೆನ್ಜಿಲ್ ಸುಮ್ಮನಿದ್ದ. ಆಮೇಲೂ ಮರ್ವ್ ಪ್ರತಿ ಶುಕ್ರವಾರ ಪಬ್ಬಿನಲ್ಲಿ ಮೂರು ಬೆರಳಿನ ಕೈಯಲ್ಲಿ ಗ್ಲಾಸು ಹಿಡಿದು, ನಿನ್ನಂಥ ಹುಷಾರಿನವನ ಜೊತೆ ಕೆಲಸ ಮಾಡ್ಬೇಕಿತ್ತು ಕಣೋ ನಾನು ಎಂದು ಇವನಿಗೇ ಬಿಯರ್ ಕೊಡಿಸುತ್ತಿದ್ದ. ಹನ್ನೊಂದು ವರ್ಷದ ಶುಕ್ರವಾರಗಳು. ಆ ಬಿಯರಿನ ಕಹಿ ಈಗ, ಬುಧವಾರದ ಬೆಳಿಗ್ಗೆ, ಪರದೆಯ ಮುಂದೆ ನಿಂತಾಗ ನಾಲಿಗೆಯ ಬುಡಕ್ಕೆ ಬಂತು. ಭಾನುವಾರ ಸಾಸೇಜ್ ಸುಡುವಾಗ ತಟ್ಟೆಗಳನ್ನು ಒಯ್ಯುವುದಕ್ಕೆಂದು ಇದೇ ಐಸ್ ಪೆಟ್ಟಿಗೆಯನ್ನು ಇದೇ ಗೇಟಿಗೆ ಅಡ್ಡ ಇಟ್ಟಿದ್ದ. ಒಂದು ಗಂಟೆಯಾದರೂ ಇದ್ದಿರಬೇಕು. ಯಾವುದೂ ಕೂಗಲಿಲ್ಲ. ಅಬ್ಬ, ಈ ಹೊಸದು ಹಳೆಯದರ ಹಾಗೆ ಪ್ರಾಣ ತಿನ್ನುವುದಿಲ್ಲ ಎಂದು ಆಗ ಖುಷಿಪಟ್ಟಿದ್ದ. ಅಷ್ಟು ಹೊತ್ತೂ ಮೇಬಲ್ ಟೊಮ್ಯಾಟೊ ಸಾಸ್ ಮೆತ್ತಿದ ಮುಖದಲ್ಲಿ ಎಲ್ಲರ ಕಾಲುಗಳ ನಡುವೆ ಓಡಾಡುತ್ತಿದ್ದಳು.

ಟ್ಯಾಮ್ಸಿನ್‌ಗೆ ಹೇಳಬೇಕು. ಆದರೆ ಅವಳು ಮಲಗಿದ್ದಾಳೆ. ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಊರಂಚಿನ ಗಣಿಯ ದೊಡ್ಡ ಗುಂಡಿಯಲ್ಲಿ ಮನೆಯೆತ್ತರದ ಲಾರಿ ಓಡಿಸಿ ಬಂದವಳು, ಮೂರು ಗಂಟೆಗೆ ಮೊದಲು ಏಳಬಾರದು. ಈ ಊರಿನಲ್ಲಿ ರಾತ್ರಿಪಾಳಿಯವರ ನಿದ್ದೆಗೆ ಇಗರ್ಜಿಗಿಂತ ಹೆಚ್ಚು ಮರ್ಯಾದೆ. ಮುಂಬಾಗಿಲಿಗೆ ಬೆಲ್ ಒತ್ತಬೇಡಿ ಎಂಬ ಬೋರ್ಡು, ಅವಳ ಕೋಣೆಯ ಕಿಟಕಿಗಳಿಗೆ ಬಿಸಿಲು ಬರದಂತೆ ಎರಡೆರಡು ಪದರ ಅಡುಗೆಯ ಫಾಯಿಲ್. ಹಗಲಿನಲ್ಲಿ ಮಾತೆಲ್ಲ ಪಿಸುಮಾತು. ನಿದ್ದೆಯೊಂದೇ ನೆಪವಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಡಿಸೆಂಬರಿನಲ್ಲಿ ಅವಳು ಪರ್ತ್‌ನಲ್ಲಿ ಹಗಲಿನ ಕೆಲಸವೊಂದಿದೆ, ಪಕ್ಕದಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಜಾಗವೂ ಇದೆ ಎಂದಿದ್ದಳು. ಆಮೇಲೆ ಆ ಮಾತು ಎತ್ತಿರಲಿಲ್ಲ. ಆದರೆ ಈ ಭಾನುವಾರದಿಂದ ದಿನಾ ಸಂಜೆ ಕೆಲಸಕ್ಕೆ ಹೊರಡುವಾಗ ಒಂದು ದೊಡ್ಡ ಚೀಲದ ತುಂಬ ಬಟ್ಟೆ ತುಂಬಿಕೊಂಡು ಹೋಗುತ್ತಾಳೆ. ಅವನು ಕಿಟಕಿಯ ಪರದೆಯ ಸಂದಿಯಿಂದ ನೋಡಿದ್ದಾನೆ. ನಿನ್ನೆ ಚೀಲದ ಬಾಯಿಂದ ಮೇಬಲ್‌ಳ ಹಳದಿ ಫ್ರಾಕು ಇಣುಕುತ್ತಿತ್ತು. ಇಷ್ಟಿಷ್ಟೇ, ಅಪ್ಪನಿಗೆ ಗೊತ್ತಾಗದ ಹಾಗೆ, ಮನೆ ಖಾಲಿ ಮಾಡುತ್ತಿದ್ದಾಳೆ. ಈಗ ಗೇಟಿನ ಸುದ್ದಿಯನ್ನೂ ತಾನೇ ಹೇಳಿಬಿಟ್ಟರೆ ಉಳಿದ ಬಟ್ಟೆಯನ್ನು ಒಂದೇ ಸಲಕ್ಕೆ ಒಯ್ಯುತ್ತಾಳೆ. ಮೂರು ಗಂಟೆಯೊಳಗೆ ಸರಿಮಾಡಿಬಿಟ್ಟರೆ ಹೇಳುವುದಕ್ಕೇ ಏನೂ ಇರುವುದಿಲ್ಲ.

ಹಬ್ ಅನ್ನು ಟಿವಿಯ ಪಕ್ಕದಿಂದ ಎತ್ತಿ ಊಟದ ಟೇಬಲ್ಲಿಗೆ ತಂದ, ಅಲ್ಲಿಂದ ಫ್ರಿಜ್ಜಿನ ಮೇಲೆ, ಅಲ್ಲಿಂದ ಮೊಳೆ ಹೊಡೆದ ಕ್ಯಾಲೆಂಡರಿನ ಕೆಳಗೆ. ಪ್ರತಿಸಲ ಹೊರಗೆ ಹೋಗಿ ಗೇಟು ತೆರೆದು, ಒಳಗೆ ಬಂದು ಪರದೆ ನೋಡಿ, ಮತ್ತೆ ಹೋಗಿ ಮುಚ್ಚಿ ಬರುತ್ತಿದ್ದ. ಪರದೆಗೆ ಮಾತ್ರ ಅದೇ ಜಪ. ಕೊನೆಗೆ ಸೋತು, ಫೋನು ಹಿಡಿದು ಕೈತೋಟದ ಬಾಗಿಲ ಹತ್ತಿರ ಮುದುರಿ ನಿಂತು ಕಂಪನಿಯ ಸಹಾಯವಾಣಿಗೆ ಫೋನು ಮಾಡಿದ. ಎಲ್ಲೋ ದೂರದ ಊರಿನ ಹುಡುಗಿ. ಸ್ವಲ್ಪ ಜೋರಾಗಿ ಮಾತಾಡ್ತೀರಾ ಸರ್ ಎಂದಳು. ಆಗಲ್ಲ, ಮಗಳು ಮಲಗಿದ್ದಾಳೆ ಎಂದು ಪಿಸುಗುಟ್ಟಿದ. ಮಗುಗೆ ಎಷ್ಟು ವರ್ಷ ಸರ್ ಎಂದಳು. ಮೂವತ್ತಮೂರು ಎಂದ. ಹಬ್‌ಗೂ ಇಂಟರ್ನೆಟ್ಟಿನ ಡಬ್ಬಿಗೂ ಒಂದು ಮಾರು ಅಂತರವಿರಲಿ, ಒಂದರ ಮಾತಿಗೆ ಇನ್ನೊಂದು ಅಡ್ಡ ಬರುತ್ತದೆ ಎಂದಳು. ಹಬ್‌ಗೂ ಗೇಟಿಗೂ ಮಧ್ಯೆ ಲೋಹದ್ದು ಏನಾದರೂ ಇದೆಯಾ ಎಂದಳು. ಅವನು ಮಗಳ ಕಿಟಕಿಯತ್ತ ನೋಡಿದ. ಹೊರಗಿನಿಂದ ಅದು ಬೆಳ್ಳಿಯ ಗೋಡೆಯ ಹಾಗೆ ಹೊಳೆಯುತ್ತಿತ್ತು, ಗೇಟಿಗೆ ಎದುರಾಗಿ. ಹಾಗಾದ್ರೆ ಸಿಗ್ನಲ್ ನೇರ ಬರಲ್ಲ ಸರ್, ಮಧ್ಯೆ ಯಾವುದಾದ್ರೂ ಸ್ಮಾರ್ಟ್ ಪ್ಲಗ್ ಅದನ್ನ ಕೈಯಿಂದ ಕೈಗೆ ದಾಟಿಸ್ಬೇಕು, ಅಂಥದ್ದು ಯಾವುದಾದ್ರೂ ಗೋಡೆ ಸ್ವಿಚ್ಚಲ್ಲೇ ಆಫ್ ಆಗಿದ್ಯಾ ನೋಡಿ ಎಂದಳು. ಡೆನ್ಜಿಲ್‌ನ ಕಿವಿ ಬಿಸಿಯಾಯಿತು.

"ನೋಡಮ್ಮ, ನಾನು ಮೂವತ್ತೊಂದು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವನು," ಎಂದ. "ಸ್ವಿಚ್ ಹಾಕಿದ್ಯಾ ಅಂತ ನನ್ನನ್ನ ಕೇಳ್ತೀಯಾ?"

"ಎಲ್ಲರನ್ನೂ ಕೇಳ್ತೀವಿ ಸರ್," ಎಂದಳು ಅವಳು, ಬೇಸರವೂ ಇಲ್ಲದೆ.

ಫೋನಿಟ್ಟ. ಒಂದು ಗಂಟೆಗೆ ಹತ್ತು ನಿಮಿಷವಿತ್ತು. ಹೊರಗೆ ಹೋಗಿ ಈ ಸಲ ಗೇಟು ತೆರೆದು ಐಸ್ ಪೆಟ್ಟಿಗೆಯನ್ನೇ ಅಡ್ಡ ಇಟ್ಟ. ಓಡಾಡಿ ಮೊಣಕಾಲು ನೋಯುತ್ತಿತ್ತು, ಪ್ರತಿಸಲ ತೆರೆದು ಮುಚ್ಚುವುದು ಆಗುತ್ತಿರಲಿಲ್ಲ. ಎರಡೇ ನಿಮಿಷ. ಸೋಫಾದಲ್ಲಿ ಮೇಬಲ್ ಇದ್ದಳು, ಕಣ್ಣೆವೆಗಳು ಭಾರವಾಗಿ. ಇಲ್ಲೇ ಇರು ಪುಟ್ಟಿ, ತಾತ ಈಗ ಬಂದ್ಬಿಡ್ತಾನೆ ಎಂದ. ಬಟ್ಟೆ ಒಗೆಯುವ ಕೋಣೆ ಮನೆಯ ಹಿಂಭಾಗದಲ್ಲಿ, ಗೇಟಿನ ಕಡೆಗಿನ ಮೂಲೆಯಲ್ಲಿತ್ತು. ವಾಷಿಂಗ್ ಮೆಷೀನಿನ ಹಿಂದೆ ಅವನೇ ಎರಡು ವರ್ಷದ ಕೆಳಗೆ ಹಾಕಿದ ಸ್ಮಾರ್ಟ್ ಪ್ಲಗ್ ಇತ್ತು. ಪರದೆಯಲ್ಲಿ ಅದು ಆಫ್ ಎಂದೇ ತೋರಿಸುತ್ತಿತ್ತು. ಬಟ್ಟೆ ಹಾಕದಿದ್ದಾಗ ಯಾವಾಗಲೂ ಹಾಗೇ ತೋರಿಸುವುದರಿಂದ ಅವನು ಅದರ ಬಗ್ಗೆ ಯೋಚಿಸಿಯೇ ಇರಲಿಲ್ಲ. ಮೆಷೀನಿನ ಹಿಂದೆ ಬಗ್ಗಿ ನೋಡಿದ. ಗೋಡೆಯ ಸ್ವಿಚ್ಚು ಆಫ್ ಆಗಿತ್ತು. ಸ್ವಿಚ್ಚಿಗೆ ಅಡ್ಡಲಾಗಿ ಕೆಂಪು ಕಪ್ಪು ಬಣ್ಣದ ಟ್ಯಾಗೊಂದು ನೇತಾಡುತ್ತಿತ್ತು. ಅಪಾಯ, ಮುಟ್ಟಬೇಡಿ. ಕೆಳಗೆ ಹೆಸರು, ಡೆನ್ಜಿಲ್ ಟ್ರೆಂಬಾತ್. ಪಕ್ಕದಲ್ಲಿ ಇಪ್ಪತ್ತು ವರ್ಷದ ಹಿಂದಿನ ಅವನ ಫೋಟೊ, ತಲೆತುಂಬ ಕೂದಲು, ದಪ್ಪ ಮೀಸೆ, ಯಾರಿಗೂ ಏನೂ ಮಾಡದವನ ನಗು.

ಶನಿವಾರ ಮಧ್ಯಾಹ್ನ. ಎಲ್ಲ ಸೆನ್ಸರೂ ಹಾಕಿ ಮುಗಿಸಿದ ಮೇಲೆ ಮೆಷೀನಿನ ನೀರಿನ ಪೈಪು ಜಿನುಗುತ್ತಿರುವುದು ಕಂಡಿತ್ತು. ಸ್ವಿಚ್ ಆಫ್ ಮಾಡಿ, ಗಣಿಯ ಅಭ್ಯಾಸದಂತೆ ತನ್ನ ಟ್ಯಾಗ್ ತಗುಲಿಸಿ, ಪೈಪು ತರಲು ಹೋದರೆ ಅಂಗಡಿ ಮುಚ್ಚಿತ್ತು. ಆಮೇಲೆ ಮರೆತ. ಯಾರ ಟ್ಯಾಗೋ ಅವರೇ ತೆಗೆಯಬೇಕು, ಸಾಯಲಿ ಬದುಕಲಿ ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಬಟ್ಟೆಯ ಚೀಲ ನೆನಪಾಯಿತು. ಟ್ಯಾಗ್ ಬಿಚ್ಚಿ ಜೇಬಿಗೆ ಹಾಕಿ ಸ್ವಿಚ್ ಒತ್ತಿದ. ಸರಿಯಾಗಿ ಅದೇ ಹೊತ್ತಿಗೆ, ತಾನು ಒತ್ತಿದ್ದಕ್ಕೇ ಎಂಬಂತೆ, ಊರಂಚಿನ ಗಣಿಯಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಹಾಕುವ ಸಿಡಿಮದ್ದು ಸಿಡಿದು ನೆಲ ಒಮ್ಮೆ ಮೈ ಕೊಡವಿತು. ಶೆಲ್ಫಿನ ಗಾಜುಗಳು ಕಿಣಿಕಿಣಿ ಎಂದವು. ಅಡುಗೆಮನೆಗೆ ಓಡಿದ. ಪರದೆಯ ಮೇಲೆ ಕೆಂಪು ಅಕ್ಷರ, ಪೂಲ್ ಗೇಟ್, ತೆರೆದಿದೆ. ಸ್ವಲ್ಪ ಹೊತ್ತಿಗೆ ಹಬ್ ಕೂಗಲು ಶುರುಮಾಡಿತು, ಮಗಳು ಏಳದಿರಲೆಂದು ಶನಿವಾರ ಅವನೇ ತಗ್ಗಿಸಿಟ್ಟಿದ್ದ ದನಿಯಲ್ಲಿ, ದಿಂಬಿನ ಕೆಳಗೆ ಸಿಕ್ಕಿದ ಬೆಕ್ಕಿನ ಹಾಗೆ. ಡೆನ್ಜಿಲ್‌ಗೆ ಆದ ಸಂತೋಷ ಅಷ್ಟಿಷ್ಟಲ್ಲ. ತೆರೆದಿದೆ, ತೆರೆದಿದೆ ಎಂದು ತುಟಿ ಆಡಿಸಿದ. ಸಿಕ್ಕಿತು ಕಣೇ ಎಂದು ಹೇಳಲು ಸೋಫಾದ ಕಡೆ ತಿರುಗಿದ. ಸೋಫಾದ ಮೇಲೆ ಟೋಸ್ಟಿನ ತಟ್ಟೆಯಿತ್ತು.

ಆಮೇಲೆ ಎಷ್ಟು ಹೆಜ್ಜೆ ಹಾಕಿದ ಎಂಬುದು ಅವನಿಗೆ ಗೊತ್ತಿಲ್ಲ. ಹಿಂಬಾಗಿಲ ಜಾಲರಿ ತಾನೇ ಅರ್ಧ ತೆರೆದು ಬಿಟ್ಟದ್ದು ಹಾಗೇ ಇತ್ತು. ಅಂಗಳದ ಇಟ್ಟಿಗೆ ಬರಿಗಾಲನ್ನು ಸುಟ್ಟಿತು. ಐಸ್ ಪೆಟ್ಟಿಗೆ, ಗೇಟು, ನೀರು. ನೀರಿನ ಮೇಲೆ ಮೇಬಲ್‌ಳ ಬಿಳಿ ಟೋಪಿ ತೇಲುತ್ತಿತ್ತು. ಕೆಳಗೆ, ಆಳದ ತುದಿಯಲ್ಲಿ, ಕಪ್ಪಗಿನದೊಂದು ಮೆಲ್ಲಗೆ ಅಲ್ಲಾಡುತ್ತಿತ್ತು. ಅವನು ಬಟ್ಟೆಯಲ್ಲೇ ಹಾರಿದ. ನೀರು ಚಹಾದಷ್ಟು ಬೆಚ್ಚಗಿತ್ತು, ಕಣ್ಣಿಗೆ ಕ್ಲೋರಿನ್ ಹೊಕ್ಕಿತು, ಕೈಗೆ ಸಿಕ್ಕಿದ್ದನ್ನು ಎದೆಗೆ ಅವಚಿಕೊಂಡು ನೆಲಕ್ಕೆ ಕಾಲು ಒದ್ದು ಮೇಲೆ ಬಂದ. ಅದು ಕೊಳದ ತಳ ಗುಡಿಸುವ ಯಂತ್ರ. ಅದರ ಪುಟ್ಟ ಚಕ್ರಗಳು ಅವನ ಎದೆಯ ಮೇಲೆ ಇನ್ನೂ ತಿರುಗುತ್ತಿದ್ದವು. ಬಿಟ್ಟ, ಮತ್ತೆ ಮುಳುಗಿದ, ಮೂಲೆ ಮೂಲೆ ಕೈಯಾಡಿಸಿದ, ಮತ್ತೆ ಮುಳುಗಿದ. ಏನೂ ಇರಲಿಲ್ಲ. ಟೋಪಿ ನಿನ್ನೆಯ ಗಾಳಿಗೆ ಹಗ್ಗದಿಂದ ಹಾರಿಬಂದದ್ದು ಎಂದು ಆಗ ಹೊಳೆಯಿತು. ಅದನ್ನು ತೆಗೆಯಲೆಂದೇ ಅಲ್ಲವೇ ಬೆಳಿಗ್ಗೆ ಬಲೆಕೋಲು ಹುಡುಕಿ ಒಳಗೆ ಹೋದದ್ದು. ಮೇಲೆ ಹತ್ತಿ ಬಂದು ಮನೆಯೊಳಗೆ ಓಡಿದ. ಬಚ್ಚಲು, ಬೀರು, ಟೇಬಲ್ಲಿನ ಅಡಿ. ಮೇಬಲ್ ಎಂದು ಕೂಗಬೇಕು, ಆದರೆ ಆಗಲೂ, ಆಗಲೂ, ಗಂಟಲಿನಿಂದ ಪಿಸುಮಾತಷ್ಟೇ ಬಂತು. ಟ್ಯಾಮ್ಸಿನ್‌ಳ ಬಾಗಿಲು ಒಂದು ಗೇಣು ತೆರೆದಿತ್ತು.

ಒಳಗೆ ರಾತ್ರಿಯ ಕತ್ತಲು. ಫಾಯಿಲ್ಲಿನ ಸಣ್ಣ ಸಣ್ಣ ತೂತುಗಳಲ್ಲಿ ಬಿಸಿಲು ನಕ್ಷತ್ರಗಳ ಹಾಗೆ ಚುಚ್ಚುತ್ತಿತ್ತು. ಕಣ್ಣು ಹೊಂದಿಕೊಂಡಾಗ ಕಂಡಿತು, ಮಂಚದ ಮೇಲೆ ಮಗಳ ಬೆನ್ನು, ಬೆನ್ನಿಗೆ ಅಂಟಿಕೊಂಡ ಸಣ್ಣದೊಂದು ಗಂಟು. ಸಿಡಿಮದ್ದಿನ ಸದ್ದಿಗೆ ಹೆದರಿ ಅಮ್ಮನ ಹತ್ತಿರ ಬಂದು ಮಲಗಿದ್ದಳು. ಟೋಸ್ಟಿನ ಅಂಚು ಇನ್ನೂ ಮುಷ್ಟಿಯಲ್ಲೇ ಇತ್ತು. ಡೆನ್ಜಿಲ್ ಗೋಡೆ ಹಿಡಿದು ನಿಂತ. ಹಲ್ಲು ಕಟಕಟ ಎನ್ನುತ್ತಿತ್ತು, ನಲವತ್ತಮೂರು ಡಿಗ್ರಿಯಲ್ಲಿ. ಹೊರಗೆ ಹಬ್‌ನ ಮುಲುಕು ನಿಂತಿರಲಿಲ್ಲ. ಈಗ ಮೆಲ್ಲಗೆ ಹಿಂದಕ್ಕೆ ಸರಿದು ಬಾಗಿಲು ಮುಂದೆ ಮಾಡಿ, ಗೇಟು ಮುಚ್ಚಿ, ಬಟ್ಟೆ ಬದಲಾಯಿಸಿ, ನೆಲ ಒರೆಸಿಬಿಟ್ಟರೆ ಮುಗಿಯಿತು. ಎಲ್ಲ ಸರಿಯಾಗಿದೆ. ಮೂರು ಗಂಟೆಗೆ ಅವಳು ಎದ್ದು ಬಂದು ಚಹಾ ಕೇಳುತ್ತಾಳೆ. ಯಾರಿಗೂ ಗೊತ್ತಾಗುವುದಿಲ್ಲ. ಮರ್ವ್‌ಗೆ ಗೊತ್ತಾಯಿತೇ. ಒಂದು ಹೆಜ್ಜೆ ಹಿಂದೆ ಇಟ್ಟ. ಪ್ಯಾಂಟಿನಿಂದ ನೀರು ನೆಲಕ್ಕೆ ತೊಟ್ಟಿಕ್ಕುವ ಸದ್ದು ಕೋಣೆಯ ತುಂಬ ಕೇಳಿಸಿತು.

"ಅಪ್ಪ?" ಎಂದಳು ಟ್ಯಾಮ್ಸಿನ್, ತಿರುಗದೆ. ಆಮೇಲೆ ಕತ್ತು ತಿರುಗಿಸಿದಳು. "ಯಾಕೆ ಒದ್ದೆಯಾಗಿದೀಯ?"

ಸೆಕೆ, ಒಂದು ಮುಳುಗು ಹಾಕಿದೆ ಎನ್ನುವ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಈ ಊರಿನಲ್ಲಿ ಈ ತಿಂಗಳಲ್ಲಿ ಯಾರು ಬೇಕಾದರೂ ನಂಬುವ ಮಾತು.

"ಗೇಟು ಟೆಸ್ಟ್ ಮಾಡಿರ್ಲಿಲ್ಲ ಕಣಮ್ಮ," ಎಂದ.

ಅವಳು ಕೈ ಹಿಂದೆ ಚಾಚಿ ಮಗುವಿನ ಬೆನ್ನಿನ ಮೇಲಿಟ್ಟಳು, ಉಸಿರು ಏಳುತ್ತ ಇಳಿಯುತ್ತ ಇರುವುದನ್ನು ಅಂಗೈಯಲ್ಲಿ ಎಣಿಸುವ ಹಾಗೆ. ಯಾವಾಗಿಂದ ಎಂದು ಕೇಳಿದಳು. ಶನಿವಾರದಿಂದ ಎಂದ. ಭಾನುವಾರ ನೀನು ಪೆಟ್ಟಿಗೆ ಅಡ್ಡ ಇಟ್ಟಿದ್ಯಲ್ಲ ಎಂದಳು. ಹೂಂ ಎಂದ. ಕತ್ತಲಲ್ಲಿ ಅವಳ ಮುಖ ಕಾಣದಿದ್ದುದು ಅವನಿಗೆ ದೊಡ್ಡ ಉಪಕಾರವಾಯಿತು. ಉಳಿದದ್ದನ್ನು ಗೋಡೆಗೆ ಹೇಳುವವನ ಹಾಗೆ ಹೇಳಿದ, ಟೇಬಲ್ಲಿನ ಮೇಲಿನ ಟೆಸ್ಟು, ಫಾಯಿಲ್ಲು, ಒಗೆಯುವ ಕೋಣೆಯ ಪ್ಲಗ್ಗು, ಅಲ್ಲಿದ್ದ ಟ್ಯಾಗು. ಟ್ಯಾಗಿನ ಮಾತು ಬಂದಾಗ ಅವಳ ಮೂಗಿನಿಂದ ನಗೆಯೋ ಏನೋ ಒಂದು ಹೊರಟಿತು.

"ಏನೋ ರಿಪೇರಿ ನಡೀತಿದೆ ಅಂತ ದಿನಾ ಮೂಟೆ ಹೊತ್ಕೊಂಡು ಕೆಲ್ಸದ ದಾರೀಲಿ ಜೋಲೀನ್ ಮನೇಲಿ ಬಟ್ಟೆ ಒಗೀತಿದೀನಿ," ಎಂದಳು. "ನಿನ್ನ ಟ್ಯಾಗ್ ನಾನು ಮುಟ್ಲಾ?"

"ಕೇಳ್ಬಹುದಿತ್ತಲ್ಲ."

"ನೀನು ಹೇಳ್ಬಹುದಿತ್ತಲ್ಲ."

ಪರ್ತ್‌ಗೆ ಹೋಗ್ತಿದೀಯೇನೋ ಅಂದ್ಕೊಂಡೆ ಎಂದ ಅವನು. ಮೊದ್ಲು ಆ ಗೇಟು ಮುಚ್ಚು ಹೋಗು ಎಂದಳು.

ಅವಳು ಮತ್ತೆ ಮಲಗಲಿಲ್ಲ. ಐದು ಗಂಟೆಗೆ ಕಿತ್ತಳೆ ಬಣ್ಣದ ಅಂಗಿ ತೊಟ್ಟು, ಬೂಟು ಕಟ್ಟಿ, ಹೊರಡುವ ಮುಂಚೆ ಊಟದ ಡಬ್ಬಿಯ ಚೀಲದಿಂದ ಒಂದು ಕಬ್ಬಿಣದ ಕೊಂಡಿ ತೆಗೆದಳು. ಗಣಿಯಲ್ಲಿ ಒಂದೇ ಯಂತ್ರದ ಮೇಲೆ ಇಬ್ಬರು ಕೆಲಸ ಮಾಡುವಾಗ ಹಾಕುವ ಕೊಂಡಿ, ಅದರಲ್ಲಿ ಇಬ್ಬರ ಬೀಗಕ್ಕೂ ತೂತಿರುತ್ತದೆ, ಇಬ್ಬರೂ ತೆಗೆದರೆ ಮಾತ್ರ ಬಿಚ್ಚುತ್ತದೆ. ಗೇಟಿಗೆ ಅದನ್ನು ಸಿಕ್ಕಿಸಿ ತನ್ನ ಬೀಗ ಒತ್ತಿದಳು, ತನ್ನ ಟ್ಯಾಗ್ ತೂಗಿಸಿದಳು. ಆಮೇಲೆ ಅವನ ಕಡೆ ನೋಡದೆ ಕೊಂಡಿಯ ಖಾಲಿ ತೂತಿನತ್ತ ಕೈ ತೋರಿಸಿದಳು. ಡೆನ್ಜಿಲ್ ಶೆಡ್ಡಿನಿಂದ ತನ್ನ ಹಳೇ ಬೀಗ ತಂದು ಕೊಡಲು ಹೋದ. ಅವಳು ತೆಗೆದುಕೊಳ್ಳಲಿಲ್ಲ, ನೀನೇ ಹಾಕು ಎಂಬಂತೆ ಪಕ್ಕಕ್ಕೆ ಸರಿದಳು. ಹಾಕಿದ. ಜೇಬಿನಿಂದ ಒದ್ದೆ ಆರದ ಟ್ಯಾಗನ್ನು ತೆಗೆದು ಅದರ ಪಕ್ಕ ತೂಗಿಸಿದ. ಅವನನ್ನು ಇನ್ನೂ ಜೊತೆಗೆ ಸೇರಿಸಿಕೊಂಡಳೋ ಅಥವಾ ಇನ್ನು ಮೇಲೆ ಅವನೊಬ್ಬನ ಮಾತಿಗೆ ಯಾವ ಬಾಗಿಲನ್ನೂ ಬಿಡುವುದಿಲ್ಲ ಎಂದಳೋ, ಕೇಳುವ ಧೈರ್ಯ ಅವನಿಗಿರಲಿಲ್ಲ. ಅವಳ ಕೀಲಿ ಅವಳ ಕೊರಳಿನಲ್ಲೇ ಹೋಯಿತು. ಬಟ್ಟೆಯ ಚೀಲ ಬಾಗಿಲ ಹತ್ತಿರವೇ ಉಳಿಯಿತು. ಮರೆತಳೋ, ಬಿಟ್ಟಳೋ.

ಕಾರು ತಿರುವು ದಾಟಿದ ಮೇಲೆ ಮೇಬಲ್‌ಳನ್ನು ಎತ್ತಿಕೊಂಡು ಪರದೆಯ ಮುಂದೆ ನಿಂತ. ಪೂಲ್ ಗೇಟ್, ಮುಚ್ಚಿದೆ. ಸ್ವಲ್ಪ ಹೊತ್ತು ನೋಡಿದ. ಆಮೇಲೆ ಚಪ್ಪಲಿ ಮೆಟ್ಟಿ ಅಂಗಳ ದಾಟಿ ಹೋಗಿ ಗೇಟಿಗೆ ಕೈಯಿಟ್ಟು ತಳ್ಳಿದ. ಅದು ಅಲುಗಲಿಲ್ಲ. ಮೇಬಲ್ ಬಗ್ಗಿ ಟ್ಯಾಗಿನ ಮೇಲಿದ್ದ ಫೋಟೊ ಮುಟ್ಟಿ, "ಅಮ್ಮ," ಎಂದಳು. ಹೌದು ಎಂದ. ಅವಳ ಬೆರಳು ಪಕ್ಕದ ಟ್ಯಾಗಿಗೆ ಹೋಯಿತು, ತಲೆತುಂಬ ಕೂದಲಿನ, ಮೀಸೆಯ, ನಗುತ್ತಿದ್ದ ಮುಖದ ಮೇಲೆ ನಿಂತಿತು.

"ಇದ್ಯಾರು?"

"ನಾನೇ ಕಣೇ ಪುಟ್ಟಿ. ತಾತ."

ಮೇಬಲ್ ಫೋಟೊ ನೋಡಿದಳು, ಅವನ ಮುಖ ನೋಡಿದಳು, ಮತ್ತೆ ಫೋಟೊ ನೋಡಿದಳು. "ಅಲ್ಲ," ಎಂದಳು. ಡೆನ್ಜಿಲ್ ಅವಳನ್ನು ಸೊಂಟದ ಇನ್ನೊಂದು ಬದಿಗೆ ಬದಲಾಯಿಸಿಕೊಂಡು, ಬಿಡುವಾದ ಕೈಯಿಂದ ಗೇಟನ್ನು ಇನ್ನೊಮ್ಮೆ ಹಿಡಿದು ಅಲ್ಲಾಡಿಸಿ ನೋಡಿದ.